ರೋಮಿನ ವ್ಯಾಪಾರ ಕೇಂದ್ರ ಮತ್ತು ಕೆನಡಿ ಹತ್ಯೆ

ಪ್ರಶ್ನೆ: ನನ್ನ ಮಗ ಕಫ್ ಪರೇಡಿನ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿರುವ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಇಂಥ ಕೇಂದ್ರಗಳೆಲ್ಲ ಅಮೆರಿಕದ ಗುಪ್ತಚರರ ಮುಖವಾಡಗಳೆಂದೂ, ರೋಮಿನಲ್ಲಿದ್ದ ಇಂಥದೇ ಸಂಸ್ಥೆಯೊಂದು ಅಧ್ಯಕ್ಷ ಕೆನಡಿಯವರ ಕೊಲೆಯ ಸಂಚಿನಲ್ಲಿ ಭಾಗಿಯಾಗಿತ್ತೆಂದೂ ನಮ್ಮ ಕನ್ನಡ ಸಂಘದ ಹಿರಿಯರೊಬ್ಬರು ಹೇಳುತ್ತಾರೆ. ಇದರಲ್ಲಿ ನಿಜವೆಷ್ಟು?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೊದಲು ಮಗನ ಕಚೇರಿಯ ವಿಚಾರ. ಕಫ್ ಪರೇಡಿನ ಕೇಂದ್ರವನ್ನು ನಡೆಸುತ್ತಿರುವುದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಸಂಸ್ಥೆ. ರೋಮಿನ ಸಂಸ್ಥೆಗೂ ಅದಕ್ಕೂ ಹೆಸರಿನ ಹೋಲಿಕೆಯ ಹೊರತು ನಂಟಿಲ್ಲ.

ಹಿರಿಯರು ಹೇಳಿದ್ದು ಪೂರ್ತಿ ಕಟ್ಟುಕಥೆಯೂ ಅಲ್ಲ; ಆದ್ದರಿಂದಲೇ ಅದನ್ನು ಬಿಡಿಸಿ ನೋಡಬೇಕು. ನ್ಯೂ ಆರ್ಲಿಯನ್ಸಿನ ಅಂತರರಾಷ್ಟ್ರೀಯ ವ್ಯಾಪಾರ ಮಳಿಗೆಯ ಮುಖ್ಯಸ್ಥರಾಗಿದ್ದ ಕ್ಲೇ ಶಾ ಅವರು 1958ರಲ್ಲಿ ಪರ್ಮಿಂಡೆಕ್ಸ್ ಎಂಬ ಕಂಪನಿಯ ನಿರ್ದೇಶಕ ಮಂಡಳಿಯನ್ನು ಸೇರಿದ್ದರು. ರೋಮಿನ ವಿಶ್ವ ವ್ಯಾಪಾರ ಕೇಂದ್ರ ಇದರದೇ ಕೂಸು. ಕೆನಡಿಯವರ ಕೊಲೆಯ ಸಂಚಿನ ಆರೋಪದ ಮೇಲೆ ಶಾ ಅವರನ್ನು 1967ರ ಮಾರ್ಚ್ 1ರಂದು ಬಂಧಿಸಲಾಯಿತು. ಕೆಲವೇ ದಿನಗಳಲ್ಲಿ ರೋಮಿನ ಎಡಪಂಥೀಯ ಪತ್ರಿಕೆ 'ಪಾಯೆಸೆ ಸೆರಾ', ಆ ಕೇಂದ್ರ ಸಿಐಎಯ ಮರೆಯ ಅಂಗವಾಗಿತ್ತೆಂದು ಬರೆಯಿತು. ಆ ಪತ್ರಿಕೆಗೆ ಸುದ್ದಿ ಉಣಿಸಿದವರು ಸೋವಿಯತ್ ಗುಪ್ತಚರರೇ ಎಂಬ ವಾದವೂ ಮುಂದೆ ಹುಟ್ಟಿಕೊಂಡಿತು. ಸಂಚಿನ ಕಥೆಗೆ ಪ್ರತಿಯಾಗಿ ಇನ್ನೊಂದು ಸಂಚಿನ ಕಥೆ!

ಶಾ ಅವರಿಗೆ ಸಿಐಎ ಸಂಪರ್ಕವಿದ್ದದ್ದು ನಿಜ. ವಿದೇಶ ಸುತ್ತಿ ಬಂದ ವ್ಯಾಪಾರಿಗಳನ್ನು ಭೇಟಿಯಾಗಿ, ಅಲ್ಲಿನ ಕಾರ್ಖಾನೆ, ಬಂದರು, ಮಾರುಕಟ್ಟೆಗಳ ಸ್ಥಿತಿಯನ್ನು ಕೇಳಿ ಬರೆದುಕೊಳ್ಳುವ ವಿಭಾಗವೊಂದು ಆ ಸಂಸ್ಥೆಯಲ್ಲಿತ್ತು. ಹಾಗೆ ಮಾಹಿತಿ ಕೊಡುತ್ತಿದ್ದ ಅನೇಕ ವ್ಯಾಪಾರಿಗಳಲ್ಲಿ ಶಾ ಒಬ್ಬರು. ಸಿಐಎಯ ಮಾಜಿ ನಿರ್ದೇಶಕ ರಿಚರ್ಡ್ ಹೆಲ್ಮ್ಸ್ ಇದನ್ನು 1979ರಲ್ಲಿ ಪ್ರಮಾಣ ಮಾಡಿ ಒಪ್ಪಿಕೊಂಡರು. ಆದರೆ ದಾಖಲೆಗಳ ಪ್ರಕಾರ ಈ ಸಂಪರ್ಕ 1948ರಿಂದ 1956ರವರೆಗಿನದು, ಅಂದರೆ ಪರ್ಮಿಂಡೆಕ್ಸ್ ಸೇರುವ ಮೊದಲಿನದು. ರೋಮಿನ ಕೇಂದ್ರವೋ 1962ರಲ್ಲೇ ಅಲ್ಲಿಂದ ಕಾಲ್ತೆಗೆದಿತ್ತು; ಡಲ್ಲಾಸಿನಲ್ಲಿ ಗುಂಡು ಹಾರಿದ್ದು 1963ರ ನವೆಂಬರ್ 22ರಂದು. ಕಲ್ಯಾಣ್ ಲೋಕಲಿನ ಒಂದೇ ಡಬ್ಬಿಯಲ್ಲಿ ಬಂದವರೆಲ್ಲ ಒಂದೇ ಕಚೇರಿಗೆ ಹೋಗುವವರಲ್ಲವಷ್ಟೆ. 1969ರ ಮಾರ್ಚ್ 1ರಂದು ಜ್ಯೂರಿ ಒಂದು ಗಂಟೆಯೊಳಗೆ ಶಾ ನಿರ್ದೋಷಿಯೆಂದು ತೀರ್ಪಿತ್ತಿತು.

ಹಾಗೆಂದು ವ್ಯಾಪಾರಸ್ಥರು ರಾಜಕೀಯ ಸಂಚಿನಲ್ಲಿ ಕೈಯಾಡಿಸುವುದೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. 1970ರಲ್ಲಿ ಚಿಲಿಯ ಅಯೆಂದೆ ಅಧ್ಯಕ್ಷರಾಗುವುದನ್ನು ತಪ್ಪಿಸಲು ಅಮೆರಿಕದ ದೂರವಾಣಿ ಕಂಪನಿ ಐಟಿಟಿ, ಸಿಐಎಗೆ 10 ಲಕ್ಷ ಡಾಲರ್ ಕೊಡಲು ಮುಂದೆ ಬಂದಿತ್ತು. ಸಿಐಎಯ ಮಾಜಿ ನಿರ್ದೇಶಕ ಜಾನ್ ಮೆಕೋನ್ ಆ ಕಂಪನಿಯ ಮಂಡಳಿಯಲ್ಲಿಯೇ ಇದ್ದರು. ಇದು ಯಾರದೋ ಊಹೆಯಲ್ಲ: ಯಾರು ಯಾರಿಗೆ, ಯಾವಾಗ, ಎಷ್ಟು ಹಣದ ಮಾತಾಡಿದರೆಂಬುದು ಅಮೆರಿಕದ ಸೆನೆಟ್ ಸಮಿತಿಯ 1975ರ ವರದಿಯಲ್ಲಿದೆ. ರೋಮಿನ ಕೇಂದ್ರದ ಬಗ್ಗೆ ಅಂಥ ಕಾಗದ ತಮ್ಮ ಬಳಿ ಇದೆಯೇ ಎಂದು ನಿಮ್ಮ ಹಿರಿಯರನ್ನು ವಿನಯದಿಂದಲೇ ಕೇಳಿ.