ಒಂಟಾರಿಯೊ ಹೈಸ್ಕೂಲಿನ ಆ 40 ಗಂಟೆ

ತಂಗಿ, ಮೈಸೂರಿಂದ ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ರಾಂಪ್ಟನ್‌ಗೆ ಬಂದು ನಿಮಗಿನ್ನೂ ಮೂರು ತಿಂಗಳು. ಅಷ್ಟರಲ್ಲೇ ಮಗಳ ಶಾಲೆಯಿಂದ '40 ಗಂಟೆ ಸಮುದಾಯ ಸೇವೆ' ಅಂತ ಫಾರ್ಮ್ ಬಂದಿದೆ. ಹನ್ನೊಂದನೇ ಕ್ಲಾಸಿನ ಹುಡುಗಿ ಓದು ಬಿಟ್ಟು ಇದನ್ನೆಲ್ಲ ಮಾಡಬೇಕಾ, ಪರಿಚಯದವರ ಹತ್ತಿರ ಸುಮ್ನೆ ಒಂದು ಸಹಿ ಹಾಕಿಸಿದರೆ ನಡೆಯುತ್ತಾ ಅಂತ ಕೇಳಿದ್ದೀರಿ. ನನ್ನ ಮಗನ ಫಾರ್ಮ್ ನೋಡಿದಾಗ ನನಗೂ ಮೊದಲು ಹೊಳೆದದ್ದು ಆ ಸಹಿಯೇ!

ಮಾಡಲೇಬೇಕು. ಒಂಟಾರಿಯೊದಲ್ಲಿ 1999ರಿಂದ ಇದು ಕಡ್ಡಾಯ. ಪಾಠಗಳ 30 ಕ್ರೆಡಿಟ್ ಮುಗಿದಿದ್ದರೂ ಈ ಗಂಟೆಗಳು ಬಾಕಿ ಇದ್ದರೆ ಹೈಸ್ಕೂಲ್ ಮುಗಿಸಿದ್ದಕ್ಕೆ ಕೊಡುವ ಡಿಪ್ಲೊಮಾ ಕೈಗೆ ಬರುವುದಿಲ್ಲ. ಇದಕ್ಕೆ ಮಾರ್ಕ್ಸ್ ಮಾತ್ರ ಕೊಡುವುದಿಲ್ಲ. ಕೋವಿಡ್ ಸಮಯದಲ್ಲಿ 20ಕ್ಕೆ ಇಳಿಸಿದ್ದರು, ಆಮೇಲೆ ಮತ್ತೆ 40 ಆಯಿತು.

ಆದರೆ ನಿಮ್ಮ ಮಗಳಿಗೆ ಪೂರ್ತಿ 40 ಬೇಕಾಗದೆಯೂ ಇರಬಹುದು. ಇಲ್ಲಿನ ಮಕ್ಕಳು ಒಂಬತ್ತನೇ ಕ್ಲಾಸಿಗೆ ಮುಂಚಿನ ಬೇಸಿಗೆ ರಜೆಯಲ್ಲೇ ಶುರು ಮಾಡಬಹುದು. ಬೇರೆ ದೇಶದಿಂದ ನಡುವೆ ಬಂದವರಿಗೆ ಎಷ್ಟು ಗಂಟೆ ಅನ್ನುವುದು ಪ್ರಿನ್ಸಿಪಾಲರಿಗೆ ಬಿಟ್ಟದ್ದು. ಶಾಲೆಯಲ್ಲಿ ಮಕ್ಕಳಿಗೆ ಸಲಹೆ ಕೊಡುವ ಗೈಡೆನ್ಸ್ ಕೌನ್ಸೆಲರ್ ಹತ್ತಿರ ಹೋಗಿ ನೇರವಾಗಿ ಕೇಳಿ. ನಮ್ಮವರಿಗೆ ಕೇಳೋದಕ್ಕೇ ಸಂಕೋಚ ಜಾಸ್ತಿ.

ಯಾವ ಕೆಲಸ ಲೆಕ್ಕಕ್ಕೆ ಬರುತ್ತದೆ ಅನ್ನುವುದನ್ನೂ ಮೊದಲೇ ಕೇಳಿಕೊಳ್ಳಿ. ಸಂಬಳದ ಕೆಲಸ ನಡೆಯದು. ಮನೆಯಲ್ಲಿ ಪಾತ್ರೆ ತೊಳೆದದ್ದು, ತಮ್ಮನನ್ನು ನೋಡಿಕೊಂಡದ್ದು ನಡೆಯದು. ಕ್ಲಾಸಿನ ಹೊತ್ತಲ್ಲೂ ಮಾಡುವ ಹಾಗಿಲ್ಲ, ಊಟದ ಬಿಡುವಿನಲ್ಲಿ ಪರವಾಗಿಲ್ಲ. ಲೈಬ್ರರಿ, ಇಲ್ಲದವರಿಗೆ ದಿನಸಿ ಪುಕ್ಕಟೆ ಕೊಡುವ ಫುಡ್ ಬ್ಯಾಂಕ್, ವಯಸ್ಸಾದ ನೆರೆಯವರ ಮನೆ ಮುಂದಿನ ಹಿಮ ಎತ್ತುವುದು, ಇಂಥವು ಸಾಮಾನ್ಯವಾಗಿ ನಡೆಯುತ್ತವೆ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಕುರ್ಚಿ ಹಾಕಿದ್ದಕ್ಕೂ ಗಂಟೆ ಸಿಗಬಹುದು. ಆದರೆ ನಲವತ್ತನ್ನೂ ಅಲ್ಲೇ ಮುಗಿಸಬೇಡಿ ಅಂತ ನನ್ನ ಮಾತು. ಅಲ್ಲಿ ಎಲ್ಲರೂ ಅವಳಿಗೆ ಆಂಟಿ, ಅಂಕಲ್ಲೇ ಅಲ್ವಾ?

ನಾನು ಹಾಸನದಲ್ಲಿ ಓದುವಾಗ ಎನ್‌ಎಸ್‌ಎಸ್ ಇತ್ತು. ಮೇಷ್ಟ್ರು ಎಲ್ಲರನ್ನೂ ಒಟ್ಟಿಗೆ ಹಳ್ಳಿಗೆ ಕರೆದುಕೊಂಡು ಹೋಗುತ್ತಿದ್ದರು, ಗುದ್ದಲಿ ಕೈಗೆ ಕೊಡುತ್ತಿದ್ದರು. (ರಸ್ತೆ ಎಷ್ಟು ದೂರ ಆಯಿತೋ ನೆನಪಿಲ್ಲ, ರಾತ್ರಿಯ ಅಂತ್ಯಾಕ್ಷರಿ ಚೆನ್ನಾಗಿ ನೆನಪಿದೆ.) ಇಲ್ಲಿ ಹಾಗಲ್ಲ. ಜಾಗ ಹುಡುಕುವುದು, ಇಮೇಲ್ ಬರೆಯುವುದು, ಉತ್ತರ ಬಾರದಿದ್ದರೆ ಇನ್ನೊಂದು ಕಡೆ ಕೇಳುವುದು, ಎಲ್ಲ ಮಕ್ಕಳದ್ದೇ. ಕಷ್ಟ ಇರುವುದು ಅಲ್ಲೇ. ಆ ಇಮೇಲ್ ನೀವು ಬರೆದುಕೊಡಬೇಡಿ.

ನನ್ನ ಮಗ ಹನ್ನೆರಡನೇ ಕ್ಲಾಸಿನ ಚಳಿಗಾಲದವರೆಗೂ ಮುಂದೂಡಿದ. ಕೊನೆಗೆ ಯೂನಿವರ್ಸಿಟಿ ಅರ್ಜಿ, ಪರೀಕ್ಷೆ, ಇದು, ಎಲ್ಲ ಒಟ್ಟಿಗೆ ತಲೆ ಮೇಲೆ ಬಿತ್ತು. ಶನಿವಾರ ಶನಿವಾರ ಮೈನಸ್ ಹದಿನೈದು ಡಿಗ್ರಿಯಲ್ಲಿ ನಾನೇ ಅವನನ್ನು ಫುಡ್ ಬ್ಯಾಂಕಿಗೆ ಬಿಟ್ಟು ಬರುತ್ತಿದ್ದೆ. ಡಬ್ಬಗಳ ಮೇಲಿನ ತಾರೀಖು ನೋಡಿ ವಿಂಗಡಿಸುವ ಕೆಲಸ. ಒಂದು ದಿನ ಯಾರೋ ತೊಗರಿಬೇಳೆ ತಂದುಕೊಟ್ಟಿದ್ದರಂತೆ. ಅಲ್ಲಿದ್ದ ವಯಸ್ಸಾದ ಹೆಂಗಸಿಗೆ ಅದೇನು ಅಂತಲೇ ತಿಳಿಯಲಿಲ್ಲ. ಅಡುಗೆಮನೆಗೆ ಕಾಲಿಡದ ನನ್ನ ಮಗ ಅಲ್ಲಿಂದಲೇ ಫೋನ್ ಮಾಡಿ, "ಅಮ್ಮಾ, ಕುಕ್ಕರ್ ಇಲ್ಲದಿದ್ದರೆ ಬೇಳೆ ಎಷ್ಟು ಹೊತ್ತು ಬೇಯಬೇಕು?" ಅಂತ ಕೇಳಿದ. ನಾನು ಹೇಳಿದ್ದನ್ನು ಚೀಟಿಯಲ್ಲಿ ಬರೆದು ಒಂದೊಂದು ಪೊಟ್ಟಣಕ್ಕೂ ಅಂಟಿಸಿದನಂತೆ. 40 ಗಂಟೆ ಮುಗಿದ ಮೇಲೂ ಎರಡು ತಿಂಗಳು ಹೋದ. ಯಾಕೆ ಅಂತ ನಾನು ಕೇಳಲಿಲ್ಲ.

ಪ್ರತಿ ಸಲ ಕೆಲಸ ಮುಗಿದ ದಿನವೇ ಅಲ್ಲಿನ ಮೇಲ್ವಿಚಾರಕರ ಸಹಿ ಹಾಕಿಸಿಕೊಳ್ಳಲು ಹೇಳಿ. ಆರು ತಿಂಗಳು ಬಿಟ್ಟು ಹೋದರೆ ಆ ಮನುಷ್ಯರು ಅಲ್ಲಿರುವುದಿಲ್ಲ. ಅದೇ ಫಾರ್ಮಿನಲ್ಲಿ ಸಾಮಾನ್ಯವಾಗಿ ತಂದೆ-ತಾಯಿ ಸಹಿಗೂ ಒಂದು ಜಾಗ ಇರುತ್ತದೆ. ಸಹಿಯ ಆಸೆ ಇದ್ದರೆ ಅಲ್ಲಿ ಹಾಕಿ!