ಸಿಂಗಪುರದಲ್ಲಿ ಸೆರೆಸಿಕ್ಕಿ ತೀರಿಕೊಂಡ ಯೋಧನ ಸಮಾಧಿ ಸಿಗದಿದ್ದರೆ
ಭಾರತೀಯ ಸೇನೆಯಲ್ಲಿದ್ದು 1942ರ ಫೆಬ್ರವರಿಯಲ್ಲಿ ಜಪಾನೀಯರಿಗೆ ಸೆರೆಸಿಕ್ಕ, ಕೊಡಗಿನ ತಿಮ್ಮಯ್ಯ ಎಂಬ ನಿಮ್ಮ ಅಜ್ಜನ ತಮ್ಮನ ಸಮಾಧಿಯನ್ನು ಹುಡುಕುವುದು ಹೇಗೆಂದು ಕೇಳಿದ್ದೀರಿ. ಸಿಂಗಪುರದ ಕ್ರಾಂಜಿ ಯುದ್ಧಸಮಾಧಿ ಸ್ಥಳದಲ್ಲಿ ಅದು ಸಿಗದಿರುವುದಕ್ಕೆ ಬಹುಶಃ ಕಾರಣ, ಅವರಿಗೆ ಪ್ರತ್ಯೇಕ ಸಮಾಧಿಯೇ ಇಲ್ಲದಿರುವುದು. ಸಮಾಧಿ ಎಲ್ಲಿದೆಯೆಂದು ತಿಳಿಯದ 24,000ಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಅಲ್ಲಿನ ಸಿಂಗಪುರ ಸ್ಮಾರಕದ ಮೇಲೆ ಕೆತ್ತಲಾಗಿದೆ. ದಹನ ಸಂಸ್ಕಾರವಾದವರಿಗೆ, ಅಂದರೆ ಹೆಚ್ಚಾಗಿ ಭಾರತೀಯ ಸೇನೆಯವರಿಗೆ, ಅದೇ ಆವರಣದಲ್ಲಿ ಬೇರೊಂದು ಸ್ಮಾರಕವಿದೆ.

ಮೊದಲು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಭಾರತೀಯ ಸೇನೆಯನ್ನೂ 1942ರಿಂದ 1945ರ ಅವಧಿಯನ್ನೂ ಆಯ್ದುಕೊಂಡು, ಹೆಚ್ಚುವರಿ ಮಾಹಿತಿಯ ಅಂಕಣದಲ್ಲಿ ಊರನ್ನೋ ಜಿಲ್ಲೆಯನ್ನೋ ಅಂದಿನ ಇಂಗ್ಲಿಷ್ ರೂಪದಲ್ಲಿ, ನಿಮ್ಮ ಕೊಡಗನ್ನು ಕೂರ್ಗ್ ಎಂದು, ನಮೂದಿಸಿ ಹುಡುಕಿರಿ. ತಿಮ್ಮಯ್ಯನಂಥ ಹೆಸರನ್ನು ಗುಮಾಸ್ತರು ಹೇಗೆ ಬೇಕಾದರೂ ಬರೆದಿರಬಹುದು; ಆದ್ದರಿಂದ ತಂದೆಯ ಹೆಸರು ಮತ್ತು ರೆಜಿಮೆಂಟ್ ತಾಳೆಯಾಗುವುದೇ ಹೆಚ್ಚು ನಂಬಲರ್ಹ. ಸೆರೆಯಾಳುಗಳನ್ನು ನ್ಯೂಗಿನಿಯವರೆಗೂ ಸಾಗಿಸಿದ್ದರಿಂದ ಹುಡುಕಾಟವನ್ನು ಸಿಂಗಪುರಕ್ಕೇ ಸೀಮಿತಗೊಳಿಸಬೇಡಿ.

ದಾಖಲೆ ಸಿಕ್ಕರೆ ಸೇವಾ ಸಂಖ್ಯೆಯನ್ನೂ ಸ್ಮಾರಕದಲ್ಲಿ ಹೆಸರು ಕೆತ್ತಿರುವ ಅಂಕಣದ (ಕಾಲಂ) ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಅಲ್ಲಿಗೆ ಹೋದಾಗ ಹೆಸರನ್ನು ನೇರವಾಗಿ ತಲುಪಲು ಅದೇ ಸಾಕು. ಎಲ್ಲಿಯೂ ಸಿಗದಿದ್ದರೆ, ನಿಮ್ಮ ಮನೆಯಲ್ಲಿರುವ ಪಿಂಚಣಿ ಪತ್ರ ಮತ್ತು ಸಾವಿನ ಸುದ್ದಿಯ ತಂತಿ ಸಂದೇಶದ ಪ್ರತಿಗಳೊಂದಿಗೆ ಹೆಸರು ಸೇರಿಸುವಂತೆ ಆಯೋಗಕ್ಕೆ ಮನವಿ ಸಲ್ಲಿಸಬಹುದು.