41ನೇ ವಯಸ್ಸಿನಲ್ಲಿ ಪಿಯುಸಿ ಓದುತ್ತಿದ್ದೇನೆ. ಸಿಗರೇಟು ಸೇದದಿದ್ದರೆ ಓದಿದ್ದು ತಲೆಗೆ ಹೋಗುವುದಿಲ್ಲ. ಪರೀಕ್ಷೆಗೆ ಮೊದಲು ಬಿಡಬಹುದೇ?

ಬಿಡಿ. ಆದರೆ ಬಿಡುವುದಿದ್ದರೆ ಈ ತಿಂಗಳೇ ಬಿಡಿ. ಫೆಬ್ರವರಿ ಕೊನೆಯ ತನಕ ತಳ್ಳಿಕೊಂಡು ಹೋಗಿ, ಹಾಲ್ ಟಿಕೆಟ್ ಕೈಗೆ ಬಂದ ಮೇಲೆ ಬಿಡಲು ಹೋಗಬೇಡಿ.

ಹತ್ತನೇ ತರಗತಿ ಮುಗಿಸಿ ಇಪ್ಪತ್ತು ವರ್ಷದ ಮೇಲಾಯಿತು, ಈಗ ಖಾಸಗಿ ಅಭ್ಯರ್ಥಿಯಾಗಿ ದ್ವಿತೀಯ ಪಿಯುಸಿ ವಾಣಿಜ್ಯಕ್ಕೆ ಕಟ್ಟಿದ್ದೇನೆ, ದಿನಕ್ಕೆ ಹತ್ತು ಹನ್ನೆರಡು ಸಿಗರೇಟು ಬೇಕು, ಸೇದದೆ ಪುಸ್ತಕ ಹಿಡಿದರೆ ಒಂದು ಪುಟವೂ ದಾಟುವುದಿಲ್ಲ ಎಂದು ಬರೆದಿದ್ದೀರಿ. ಇದಕ್ಕೆ ವಯಸ್ಸು ಕಾರಣವೋ ಸಿಗರೇಟು ಕಾರಣವೋ ಎಂದೂ ಕೇಳಿದ್ದೀರಿ. ನಾನು ವೈದ್ಯನಲ್ಲ. ದಾವಣಗೆರೆಯಲ್ಲಿ ಸಂಜೆ ಹೊತ್ತು, ಕೆಲಸ ಮುಗಿಸಿ ಬರುವವರಿಗೆ ಲೆಕ್ಕಶಾಸ್ತ್ರ ಹೇಳಿಕೊಡುತ್ತೇನೆ. ಅಂಗಡಿ ಗುಮಾಸ್ತರು, ಬಸ್ ಕಂಡಕ್ಟರುಗಳು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಮಂಡಿಯಲ್ಲಿ ಚೀಲ ಹೊರುವವರು ಬರುತ್ತಾರೆ. ನೀವು ಕೇಳಿದ ಈ ಪ್ರಶ್ನೆ ನಮ್ಮ ತರಗತಿಯಲ್ಲಿ ಪ್ರತಿ ವರ್ಷ ಏಳುತ್ತದೆ. ಹಾಗಾಗಿ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡಿದ್ದೇನೆ.

ಮೊದಲು ವಯಸ್ಸಿನ ವಿಷಯ ಮುಗಿಸಿಬಿಡುತ್ತೇನೆ, ಏಕೆಂದರೆ ನಲವತ್ತು ದಾಟಿದವರನ್ನು ಅರ್ಧ ದಾರಿಯಲ್ಲಿ ವಾಪಸ್ ಕಳಿಸುವುದು ಈ ಭಯವೇ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1928ರಷ್ಟು ಹಿಂದೆಯೇ ವಯಸ್ಕರ ಕಲಿಕೆಯನ್ನು ಅಳೆದು ನೋಡಿದ್ದರು. ಇಪ್ಪತ್ತರ ಹರೆಯದಿಂದ ನಲವತ್ತೈದರ ತನಕ ಕಲಿಯುವ ಶಕ್ತಿ ಇಳಿಯುವುದು ವರ್ಷಕ್ಕೆ ಸುಮಾರು ಶೇ. 1ರಷ್ಟು ಮಾತ್ರ, ಅದಕ್ಕೆ ಹೆದರಿ ಯಾರೂ ಓದು ಬಿಡಬೇಕಾಗಿಲ್ಲ ಎಂದರು. 1956ರಲ್ಲಿ ಸಿಯಾಟಲ್‌ನಲ್ಲಿ ಶುರುವಾಗಿ ದಶಕಗಟ್ಟಲೆ ನಡೆದ ಅಧ್ಯಯನದಲ್ಲೂ ಇಂಥದ್ದೇ ಚಿತ್ರ ಸಿಗುತ್ತದೆ. ಚಕಚಕನೆ ನೋಡಿ ಗುರುತಿಸುವ ವೇಗ ಬೇಗ ಇಳಿಯಲು ಶುರುವಾಗುತ್ತದೆ, ನಿಜ. ಆದರೆ ಪದಗಳ ಅರ್ಥ ಹಿಡಿಯುವ ಶಕ್ತಿ ನಡುವಯಸ್ಸಿನ ತನಕ ಬೆಳೆಯುತ್ತಲೇ ಹೋಗುತ್ತದೆ. ನನ್ನ ಅನುಭವವೂ ಅದೇ. ಹದಿನೇಳರ ಹುಡುಗ ಬಾಯಿಪಾಠ ಮಾಡುವ ‘ಸಂಶಯಾಸ್ಪದ ಸಾಲ’ (ವಾಪಸ್ ಬರುವ ಖಾತ್ರಿಯಿಲ್ಲದ ಬಾಕಿ) ಎಂಬ ಮಾತು, ಹತ್ತು ವರ್ಷ ಉದ್ರಿ ಪುಸ್ತಕ ಬರೆದ ಗುಮಾಸ್ತನಿಗೆ ಹೇಳಿಕೊಡುವ ಮೊದಲೇ ಗೊತ್ತಿರುತ್ತದೆ.

ಹಾಗಾದರೆ ಸೇದದಿದ್ದರೆ ತಲೆ ಓಡುವುದಿಲ್ಲ ಏಕೆ? ನಿಮಗೆ ಹಾಗನ್ನಿಸುವುದು ಸುಳ್ಳಲ್ಲ, ನಿಜವಾಗಿಯೂ ಓಡುವುದಿಲ್ಲ.

ಸಿಗರೇಟಿನ ಹೊಗೆಯಲ್ಲಿರುವ ನಿಕೋಟಿನ್ 10–20 ಸೆಕೆಂಡಿನೊಳಗೆ ಮಿದುಳು ಮುಟ್ಟುತ್ತದೆ. ಎಚ್ಚರ, ಗಮನ, ಹಿತ ಇವುಗಳಿಗೆ ಸಂಬಂಧಿಸಿದ ರಾಸಾಯನಿಕಗಳನ್ನು ಬಿಡುಗಡೆ ಮಾಡಿಸುತ್ತದೆ. ಆಮೇಲೆ ಸುಮಾರು ಎರಡು ಗಂಟೆಗೊಮ್ಮೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ವರ್ಷಗಟ್ಟಲೆ ಸೇದಿದ ಮಿದುಳು ಅದು ಇದ್ದೇ ಇರುತ್ತದೆ ಎಂದು ಹೊಂದಿಕೊಂಡುಬಿಟ್ಟಿರುತ್ತದೆ. ಪ್ರಮಾಣ ಇಳಿದ ಕೂಡಲೇ ಚಡಪಡಿಕೆ, ಸಿಡುಕು ಶುರು, ಗಮನ ನಿಲ್ಲುವುದಿಲ್ಲ. ಆಗ ಇನ್ನೊಂದು ಹಚ್ಚುತ್ತೀರಿ, ತಲೆ ತಿಳಿಯಾಗುತ್ತದೆ. ನೀವು ವಾಣಿಜ್ಯ ಓದುತ್ತಿದ್ದೀರಿ, ಮೀಟರ್ ಬಡ್ಡಿಯ ಲೆಕ್ಕ ನಿಮಗೆ ಹೊಸದಲ್ಲ: ಬೆಳಿಗ್ಗೆ ಸಾಲಕೊಡುವವನು ಕೊಟ್ಟ ದುಡ್ಡಿನಲ್ಲಿ ನಿನ್ನೆಯ ಅವನದೇ ಬಡ್ಡಿ ಕಟ್ಟಿದ ಹಾಗೆ. ಸೇದಿದ ಮೇಲೆ ಸಿಗುವ ಏಕಾಗ್ರತೆಯಲ್ಲಿ ಬಹುಪಾಲು, ಸೇದದವನಿಗೆ ಪುಕ್ಕಟೆಯಾಗಿ ಇರುವಂಥದ್ದೇ.

‘ಬಹುಪಾಲು’ ಎಂದು ಬೇಕೆಂದೇ ಬರೆದೆ. ನಿಕೋಟಿನ್‌ಗೆ ತನ್ನದೇ ಆದ ಸಣ್ಣ ಗುಣವೊಂದಿದೆ. 41 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆಯೊಂದು 2010ರಲ್ಲಿ ಪ್ರಕಟವಾಯಿತು. ಗಮನವನ್ನೂ ತಕ್ಷಣದ ನೆನಪಿನ ಕೆಲವು ಬಗೆಗಳನ್ನೂ ನಿಕೋಟಿನ್ ಸ್ವಲ್ಪ ಚುರುಕು ಮಾಡುತ್ತದೆ ಎಂದು ಅದರಲ್ಲಿ ಕಂಡುಬಂತು. ಇದನ್ನು ಮುಚ್ಚಿಟ್ಟು ನಿಮಗೆ ಸಲಹೆ ಕೊಡುವುದು ಸರಿಯಲ್ಲ. ಆದರೆ ಆ ಸಣ್ಣ ಲಾಭಕ್ಕೆ ನೀವು ಕಟ್ಟುತ್ತಿರುವ ಬೆಲೆ ಏನು ಎಂಬುದನ್ನು ನಾನು ಕಣ್ಣಾರೆ ನೋಡುವುದು ತರಗತಿಯಲ್ಲಿ.

ಪಾಲುದಾರಿಕೆಯ ಲೆಕ್ಕ ತೆಗೆದುಕೊಳ್ಳಿ. ಇಬ್ಬರು ಪಾಲುದಾರರು 3:2ರಲ್ಲಿ ಲಾಭ ಹಂಚಿಕೊಳ್ಳುತ್ತಿದ್ದಾರೆ, ಮೂರನೆಯವನು 1/5 ಪಾಲಿಗೆ ಒಳಗೆ ಬರುತ್ತಾನೆ. ಹೊಸ ಅನುಪಾತ 12:8:5 ಆಗುತ್ತದೆ. ಕಟ್ಟಡದ ಬೆಲೆ ಏರಿಸಬೇಕು, ಸರಕಿನ ಬೆಲೆ ಇಳಿಸಬೇಕು, ಸಾಲಗಾರರ ಮೇಲೆ ಮೀಸಲು ತೆಗೆದಿಡಬೇಕು. ಹೀಗೆ ಬೆಲೆ ಹೊಂದಿಸಿದಾಗ ಬಂದ ಲಾಭ ಹಳಬರಿಬ್ಬರಿಗೇ, ಹಳೆಯ 3:2ರಲ್ಲೇ ಹೋಗಬೇಕು. ಆಮೇಲೆ ಗುಡ್‌ವಿಲ್ (ವ್ಯಾಪಾರದ ಒಳ್ಳೆಯ ಹೆಸರಿಗೆ ಕಟ್ಟುವ ಬೆಲೆ), ಆಮೇಲೆ ಬಂಡವಾಳ ಖಾತೆ, ಕೊನೆಗೆ ಬ್ಯಾಲೆನ್ಸ್ ಶೀಟ್. ಇಷ್ಟನ್ನೂ ತಲೆಯಲ್ಲಿ ಹಿಡಿದುಕೊಂಡು ಸಾಗಬೇಕು. ಸೇದುವವರು ನಡುವೆ ಎದ್ದು ಹೋಗುತ್ತಾರೆ, ಹತ್ತು ನಿಮಿಷಕ್ಕೆ ಬರುತ್ತಾರೆ. ಮುಖ ಹಗುರಾಗಿರುತ್ತದೆ, ಪೆನ್ನು ಹಿಡಿದು ಜೋರಾಗಿಯೇ ಶುರುಮಾಡುತ್ತಾರೆ, ಮತ್ತು ಹಳಬರಿಗೆ ಸೇರಬೇಕಾದ ಲಾಭವನ್ನು 12:8:5ರಲ್ಲಿ ಮೂವರಿಗೂ ಹಂಚಿಬಿಡುತ್ತಾರೆ. ಬ್ಯಾಲೆನ್ಸ್ ಶೀಟ್ ತಾಳೆ ಆಗುವುದಿಲ್ಲ. ‘ಸಾರ್, ನನ್ನ ತಲೆ ಮೊದಲಿನ ಹಾಗಿಲ್ಲ’ ಎನ್ನುತ್ತಾರೆ. ತಲೆ ಚೆನ್ನಾಗಿಯೇ ಇದೆ. ಹಿಡಿದುಕೊಂಡಿದ್ದ ಎಳೆ ಆ ಹತ್ತು ನಿಮಿಷದಲ್ಲಿ ಕೈತಪ್ಪಿತು, ಅಷ್ಟೇ. ಗಂಟೆಗೊಮ್ಮೆ ಹೀಗೆ ತಪ್ಪಿಸಿಕೊಳ್ಳುವ ಓದುಗನಿಗೆ ಉದ್ದದ ಲೆಕ್ಕಗಳು ಯಾವತ್ತೂ ಪೂರ್ತಿಯಾಗಿ ಕೈವಶವಾಗುವುದಿಲ್ಲ.

ಪರೀಕ್ಷೆಯ ಕೊಠಡಿ ಇದಕ್ಕಿಂತ ಕಠಿಣ. ಮೂರು ಗಂಟೆಯ ಪತ್ರಿಕೆ, ಅರ್ಧ ಗಂಟೆ ಮೊದಲೇ ಒಳಗೆ ಹೋಗಿ ಕೂರಬೇಕು. ಗೇಟಿನ ಹೊರಗೆ ಕೊನೆಯ ಸಿಗರೇಟು ಸೇದಿ ಬಂದವನಿಗೆ ಎರಡನೆಯ ಗಂಟೆ ದಾಟುವಾಗ ಮೈ ಕೇಳಲು ಶುರುಮಾಡುತ್ತದೆ. ದೊಡ್ಡ ಅಂಕದ ಲೆಕ್ಕಗಳು ಬಾಕಿ ಇರುವುದು ಸಾಮಾನ್ಯವಾಗಿ ಆಗಲೇ. ಚೆನ್ನಾಗಿ ಓದಿದವರೇ ಕೊನೆಯ ನಲವತ್ತು ನಿಮಿಷ ಮುಂಚೆ ಉತ್ತರ ಪತ್ರಿಕೆ ಕೊಟ್ಟು ಎದ್ದುಬಂದಿದ್ದನ್ನು ಕಂಡು ನನಗೆ ತುಂಬಾ ಸಂಕಟವಾಗಿದೆ.

ಬೀಡಿ ಸೇದುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಬೀಡಿ ಸಣ್ಣದು ಎಂದು ಕಡಿಮೆ ಎಣಿಸಬೇಡಿ. ಎಲೆ ಆರಿಹೋಗದಂತೆ ಮತ್ತೆ ಮತ್ತೆ ಎಳೆಯಬೇಕಾಗುತ್ತದೆ, ಆ ಹೊಗೆಯಲ್ಲಿ ನಿಕೋಟಿನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಎರಡೂ ಸಿಗರೇಟಿಗಿಂತ ಹೆಚ್ಚು. ಎಲೆಅಡಿಕೆ ಜೊತೆ ಕಡ್ಡಿಪುಡಿ ಹಾಕುವ ಅಕ್ಕಂದಿರಿಗೂ ಚಡಪಡಿಕೆಯ ಕಥೆ ಇದೇ, ಹೊಗೆಯೊಂದಿಲ್ಲ.

ಈ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಹಿಡಿದುಕೊಳ್ಳುತ್ತದೆ. ಒಳ್ಳೆಯ ಸುದ್ದಿಯೆಂದರೆ ಬಿಟ್ಟ ಒಂದೆರಡು ದಿನದಲ್ಲೇ ಅದು ಸೇದದವರ ಮಟ್ಟಕ್ಕೆ ಇಳಿಯುತ್ತದೆ. ರಕ್ತನಾಳಕ್ಕೆ ಆಗುವ ಹಾನಿ ನಿಧಾನದ್ದು. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1985ರಿಂದ ನಡೆಯುತ್ತಿರುವ ವೈಟ್‌ಹಾಲ್ ಅಧ್ಯಯನದ ಒಂದು ವರದಿ 2012ರಲ್ಲಿ ಬಂತು. ಏಳು ಸಾವಿರಕ್ಕೂ ಹೆಚ್ಚು ಜನರ ನೆನಪು, ತರ್ಕ, ಮಾತಿನ ಸಲೀಸು ಇವನ್ನೆಲ್ಲ ಹತ್ತು ವರ್ಷ ಅಳೆದಿದ್ದರು. ಸೇದುವ ಗಂಡಸರಲ್ಲಿ ಬುದ್ಧಿಶಕ್ತಿ ಇಳಿಯುವ ವೇಗ ಹೆಚ್ಚಾಗಿತ್ತು. ಹೆಂಗಸರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಬಿಟ್ಟು ಹತ್ತು ವರ್ಷ ದಾಟಿದ ಗಂಡಸರು ಎಂದೂ ಸೇದದವರ ಸಾಲಿಗೇ ಬಂದಿದ್ದರು. ನಿಮಗೀಗ 41. ಪಿಯುಸಿ ಆದ ಮೇಲೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ಮಾಡುವ ಆಸೆಯಿದೆ ಎಂದು ಬರೆದಿದ್ದೀರಲ್ಲ, ಐವತ್ತು ದಾಟಿದ ಮೇಲೂ ನಿಮಗೆ ಬೇಕಾಗುವುದು ಇದೇ ತಲೆ.

ಈಗ ದಿನಾಂಕದ ಮಾತು. ಬಿಟ್ಟ ಎರಡನೇ ಮೂರನೇ ದಿನ ಕಷ್ಟ ಅತಿ ಹೆಚ್ಚು. ಗಮನ ನಿಲ್ಲದಿರುವುದು, ಸಿಟ್ಟು, ನಿದ್ದೆ ಕೆಡುವುದು ಎರಡರಿಂದ ನಾಲ್ಕು ವಾರದಲ್ಲಿ ಇಳಿದುಹೋಗುತ್ತವೆ. ಅದಕ್ಕೇ ಪರೀಕ್ಷೆಗೂ ಬಿಡುವ ದಿನಕ್ಕೂ ನಡುವೆ ಕನಿಷ್ಠ ಆರು ವಾರ ಇರಲಿ ಎನ್ನುತ್ತೇನೆ. ಅಷ್ಟು ದಿನ ಉಳಿದಿಲ್ಲದಿದ್ದರೆ ಸುಮ್ಮನೆ ಕೂರಬೇಡಿ, ಹತ್ತಿರದ ವೈದ್ಯರ ಹತ್ತಿರ ಹೋಗಿ, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಅಥವಾ ಅಗಿಯುವ ನಿಕೋಟಿನ್ ಗಮ್ ಕೇಳಿ. ಹೃದಯದ ತೊಂದರೆ ಇದ್ದರೆ ಅದನ್ನು ಮೊದಲೇ ಹೇಳಿ. ಗಮ್ಮನ್ನು ಬಬಲ್‌ಗಮ್ ಥರ ಒಂದೇ ಸಮನೆ ಅಗಿಯುವಂತಿಲ್ಲ. ನಾಲಿಗೆ ಚುರುಗುಟ್ಟುವ ತನಕ ನಿಧಾನವಾಗಿ ಅಗಿದು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು, ಚುರು ಹೋದ ಮೇಲೆ ಮತ್ತೆ ಅಗಿಯಬೇಕು. ಅಗಿಯುವಾಗ ಮತ್ತು ಅದಕ್ಕೆ ಕಾಲು ಗಂಟೆ ಮೊದಲು ಕಾಫಿ, ಜ್ಯೂಸ್ ಬೇಡ, ಬಾಯಿಯೊಳಗೆ ಔಷಧ ಹೀರಿಕೊಳ್ಳದ ಹಾಗೆ ಮಾಡುತ್ತವೆ.

ಕಾಫಿಯ ಬಗ್ಗೆ ಇನ್ನೊಂದು ವಿಷಯ ಇದೆ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಹೊಗೆಯಲ್ಲಿರುವ ಕೆಲವು ಪದಾರ್ಥಗಳಿಂದಾಗಿ ಸೇದುವವರ ಯಕೃತ್ತು ಕೆಫೀನನ್ನು ಬೇಗ ಬೇಗ ಕರಗಿಸಿ ಹಾಕುತ್ತಿರುತ್ತದೆ. ಸೇದುವುದನ್ನು ನಿಲ್ಲಿಸಿದರೆ ಆ ವೇಗ ಇಳಿಯುತ್ತದೆ. ಅದೇ ನಾಲ್ಕು ಲೋಟ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಸುಮಾರು ಎರಡರಷ್ಟಾಗಬಹುದು. ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆಯಿಲ್ಲ, ‘ಸಿಗರೇಟು ಬಿಟ್ಟಿದ್ದಕ್ಕೇ ಹೀಗಾಯಿತು’ ಎಂದುಕೊಂಡು ಮೂರನೇ ದಿನ ಮತ್ತೆ ಹಚ್ಚುತ್ತಾರೆ. ಬಿಟ್ಟ ದಿನದಿಂದಲೇ ಕಾಫಿ, ಟೀ ಅರ್ಧ ಮಾಡಿ. ಸಂಜೆ ಆರರ ಮೇಲೆ ಬೇಡವೇ ಬೇಡ. ಟೀ ಅಂಗಡಿಯ ಕಟ್ಟೆಗೆ ಹೋಗುವುದು ತಪ್ಪಿದರೆ ಕೈಗೆ ಸಿಗರೇಟು ಬರುವ ಸಂದರ್ಭವೂ ಅರ್ಧ ತಪ್ಪಿತು.

ಆ ಮೊದಲ ಮೂರು ವಾರ ಓದು ಹೇಗೆ? ವ್ಯವಹಾರ ಅಧ್ಯಯನದ ಉದ್ದುದ್ದ ಪಾಠಗಳನ್ನು ಆಗ ಇಟ್ಟುಕೊಳ್ಳಬೇಡಿ, ಸಾಲು ಓಡುತ್ತದೆ, ಒಳಗೆ ಏನೂ ಇಳಿಯುವುದಿಲ್ಲ. ಕೈಗೆ ಕೆಲಸ ಇರುವುದನ್ನು ಮಾಡಿ: ಜರ್ನಲ್ ಎಂಟ್ರಿ, ಸಣ್ಣ ಲೆಕ್ಕ, ಅರ್ಥಶಾಸ್ತ್ರದ ನಕ್ಷೆ. ಇಪ್ಪತ್ತು ನಿಮಿಷ ಕೂತು ಎದ್ದು ಓಡಾಡಿ, ನೀರು ಕುಡಿದು ಮತ್ತೆ ಕೂತರೆ ಸಾಕು. ಓದಿದ್ದನ್ನೇ ಮತ್ತೆ ಓದುವ ಬದಲು ಪುಸ್ತಕ ಮುಚ್ಚಿ ನೆನಪಿರುವುದನ್ನು ಬರೆಯಿರಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದ್ದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು, ವಾರದ ನಂತರ ಕೇಳಿದಾಗ ತಮ್ಮನ್ನು ತಾವೇ ಪರೀಕ್ಷಿಸಿಕೊಂಡವರು ಮುಂದಿದ್ದರು. ಇದು ಸೇದುವವರಿಗೂ ಸೇದದವರಿಗೂ ಒಂದೇ.

‘ಮನೆಯ ಟೆನ್ಷನ್‌ಗೆ ಅದೊಂದೇ ಸಮಾಧಾನ’ ಎಂದಿದ್ದೀರಿ. 26 ಅಧ್ಯಯನಗಳನ್ನು ಜೋಡಿಸಿ ನೋಡಿದ ವಿಮರ್ಶೆಯೊಂದು 2014ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಬಿಟ್ಟವರ ಆತಂಕ, ಖಿನ್ನತೆ, ಒತ್ತಡಗಳು ಸೇದುತ್ತಲೇ ಇದ್ದವರಿಗಿಂತ ಕಡಿಮೆಯಾಗಿದ್ದವು. ಮನೆಯ ಟೆನ್ಷನ್ ಹಾಗೇ ಇರಬಹುದು, ಗಂಟೆಗೊಮ್ಮೆ ಏಳುವ ನಿಕೋಟಿನ್ನಿನ ಟೆನ್ಷನ್ ಅದರ ಮೇಲೆ ಕೂರುವುದಿಲ್ಲ.

ಒಬ್ಬರೇ ಒದ್ದಾಡಬೇಡಿ. ತಂಬಾಕು ಬಿಡಲು ನೆರವಾಗುವ ಸಹಾಯವಾಣಿಯ ಉಚಿತ ಸಂಖ್ಯೆ 1800-11-2356 ನಿಮ್ಮ ಜೇಬಿನ ಪ್ಯಾಕಿನ ಮೇಲೇ ಅಚ್ಚಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲೇ ಮಾತನಾಡಬಹುದು. ನಡುವೆ ಒಂದು ದಿನ ತಡೆಯಲಾರದೆ ಒಂದು ಸೇದಿದರೆ ಎಲ್ಲ ಕೆಟ್ಟಿತು ಎಂದು ಪ್ಯಾಕ್ ಕೊಳ್ಳಬೇಡಿ, ಮರುದಿನ ಬೆಳಿಗ್ಗೆ ಮುಂದುವರಿಸಿ. ಜನವರಿಯಿಂದ ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಬೆಳಿಗ್ಗೆ ಹತ್ತರಿಂದ ಒಂದರ ತನಕ, ಜಾಗ ಬಿಟ್ಟು ಏಳದೆ, ಪೂರ್ತಿ ಬರೆಯಿರಿ. ಯಾವ ಲೆಕ್ಕ ತಾಳೆಯಾಗುವುದಿಲ್ಲವೋ ಅದನ್ನು ಇಲ್ಲೇ ಕೆಳಗೆ ಹಾಕಿ, ನಾನು ನೋಡಿ ಹೇಳುತ್ತೇನೆ.